ವಲ್ಲಿ ಮೇಲೆ ಉಳಿದ ಬೋಲ್ಟು

ಎಂಜಿನ್ ಬಿಚ್ಚಿ ಜೋಡಿಸಿದ ಮೇಲೆ ನಮ್ಮಲ್ಲಿ ಏನಾದರೊಂದು ಉಳಿಯಲೇಬೇಕು. ಸಿಂಧನೂರಿನಿಂದ ಮಸ್ಕಿಗೆ ಹೋಗುವ ರಸ್ತೆಯಲ್ಲಿ ನನ್ನ ಗ್ಯಾರೇಜು. ಈ ಸಲ ಎಲ್ಲಾ ಸರಿಯಾಯಿತು ಎಂದುಕೊಳ್ಳುವಷ್ಟರಲ್ಲಿ ಒಂದು ನಟ್ಟೋ ವಾಷರೋ ನನ್ನನ್ನೇ ನೋಡುತ್ತ ಕೂತಿರುತ್ತದೆ. ನಾನು ಹೇಳಿದ್ದರಲ್ಲಿ ಅರ್ಧ ಮಾತ್ರ ನಂಬಬೇಕು ಎಂದು ನನ್ನ ಹೆಂಡತಿ ಗಿರಾಕಿಗಳಿಗೆ ಮೊದಲೇ ಹೇಳಿಟ್ಟಿದ್ದಾಳೆ. ಯಾವ ಅರ್ಧ ಅನ್ನುವುದು ಅವಳಿಗೂ ಗೊತ್ತಿಲ್ಲ.

ದಾದಾನ ಟ್ರಾಕ್ಟರು

ನಮ್ಮಲ್ಲೊಂದು ಪದ್ಧತಿ. ಎಂಜಿನ್ ಬಿಚ್ಚುವ ಮೊದಲು ಗಿರಾಕಿಯ ಹೆಗಲ ಮೇಲಿನ ವಲ್ಲಿಯನ್ನೇ, ಅಂದರೆ ಟವೆಲನ್ನೇ, ನೆಲಕ್ಕೆ ಹಾಸಿ, ಬಿಚ್ಚಿದ ಸಾಮಾನನ್ನು ಅದರ ಮೇಲೆ ಸಾಲಾಗಿ ಇಡುತ್ತೇವೆ. ವಲ್ಲಿ ಖಾಲಿಯಾದರೆ ಕೆಲಸ ಮುಗಿದಂತೆ. ಗಿರಾಕಿ ಅದನ್ನು ಜಾಡಿಸಿ ಹೆಗಲಿಗೆ ಹಾಕಿಕೊಂಡು ಗಾಡಿ ಹತ್ತುತ್ತಾನೆ. ವಲ್ಲಿ ನಮ್ಮ ನೆಲದ ಮೇಲಿರುವ ತನಕ ಗಿರಾಕಿ ಬೇರೆ ಗ್ಯಾರೇಜಿಗೆ ಹೋಗುವಂತಿಲ್ಲ ಅನ್ನುವುದು ಇದರ ಇನ್ನೊಂದು ಉಪಯೋಗ.

ಆ ದಿನ ಬಂದಿದ್ದು ಆರ್.ಎಚ್. ಕ್ಯಾಂಪಿನ ದಾದಾನ ಟ್ರಾಕ್ಟರು. ಅವರ ಹಿರಿಯರು ಬಂಗಾಳದ ಕಡೆಯಿಂದ ನಿರಾಶ್ರಿತರಾಗಿ ಬಂದು ಆ ಕ್ಯಾಂಪಿನಲ್ಲಿ ನೆಲೆಸಿದವರು, ಅದಕ್ಕೇ ಊರೆಲ್ಲ ಇವರನ್ನು ದಾದಾ, ಅಂದರೆ ಅಣ್ಣ, ಎನ್ನುತ್ತದೆ. ದಾದಾ ಹುಟ್ಟಿದ್ದು ಇಲ್ಲೇ. ನಮ್ಮ ಕನ್ನಡದಲ್ಲಿ ಬೈಯುವುದು ನನಗಿಂತ ಚೆನ್ನಾಗಿ ಬರುತ್ತದೆ. ಕಾಲುವೆಗೆ ನೀರು ಬಿಟ್ಟಿದ್ದರು, ಭತ್ತದ ಸಸಿ ಬಲಿತು ನಿಂತಿತ್ತು. ಮರುದಿನ ಬೆಳಿಗ್ಗೆ ಟ್ರಾಕ್ಟರು ಗದ್ದೆಗಿಳಿದು ಕೆಸರು ಮಾಡದಿದ್ದರೆ ನೀರಿನ ಪಾಳಿ ತಪ್ಪುತ್ತಿತ್ತು. ನಾಟಿಗೆ ಹೇಳಿಟ್ಟ ಹೆಣ್ಣಾಳುಗಳು ಸಾಲಗುಂದದ ಗದ್ದೆಗೆ ಹೋಗಿಬಿಡುತ್ತಿದ್ದರು.

ಮಧ್ಯಾಹ್ನ, ಗ್ಯಾರೇಜಿನಲ್ಲಿ ನನ್ನ ಜೊತೆಗಿರುವ ಮೈದುನ ಕೊನೆಯ ನಟ್ಟು ಬಿಗಿದ. ದಾದಾ ವಲ್ಲಿ ಎತ್ತಲು ಬಗ್ಗಿದರು. ಅಂಚಿನಲ್ಲಿ ಒಂದು ಬೋಲ್ಟು.

"ಇದೇನ್ರೀ ಉಸ್ತಾದ್?"

"ಬೋಲ್ಟು."

"ಅದು ನನಗೂ ಕಾಣಾಕತ್ತೈತಿ. ಎಲ್ಲೀದು?"

ಮೈದುನ ನನ್ನ ಕಡೆ ತಿರುಗಿದ. "ಮಾವಾ, ಇವತ್ತೊಂದು ದಿನ ಆಟ ಬಿಡ್ರಿ. ನೀವ ಇಟ್ಟೀರಿ ಹೌದಲ್ರಿ?"

ಖಾಲಿ ವಲ್ಲಿಯ ಮೇಲೆ ಹಳೇ ಡಬ್ಬಿಯಿಂದ ಒಂದು ನಟ್ಟು ಜಾರಿಸಿ ಗಿರಾಕಿಯ ಮುಖ ನೋಡುವುದು ನನಗಿರುವ ಚಟ. ಬೀಡಿ ಸೇದುವುದಿಲ್ಲ, ಎಲೆ ಅಡಿಕೆ ಇಲ್ಲ, ಇದೊಂದೇ. ಆದರೆ ಆ ದಿನ ನಾನು ಇಟ್ಟಿರಲಿಲ್ಲ. ಹಾಗೆಂದು ಹೇಳಿದೆ. ನಿಜ ಹೇಳಿ ಅಭ್ಯಾಸವಿಲ್ಲದ್ದರಿಂದ ಅದು ನನ್ನ ಕಿವಿಗೂ ಸುಳ್ಳಿನಂತೆಯೇ ಕೇಳಿಸಿತು.

"ಈ ಬೋಲ್ಟಿನ ಜಾಗ ಸಿಗೂತನಕ ನಾ ಗಾಡಿ ಒಯ್ಯಂಗಿಲ್ಲ," ಎಂದು ದಾದಾ ವಲ್ಲಿಯ ಮೇಲೇ ಕುಂತರು. ಮೈದುನ ಮತ್ತೆ ಟ್ರಾಕ್ಟರಿನ ಕೆಳಗೆ ಹೊಕ್ಕ. ವಲ್ಲಿಯ ಪಕ್ಕದಲ್ಲೇ ನನ್ನ ಆಸನ: ಗುಜರಿಗೆ ಹೋಗಬೇಕಿದ್ದ ಜೀಪಿನ ಸೀಟು, ಕಬ್ಬಿಣದ ಕಾಲಿಗೆ ಬಿಗಿದದ್ದು. ಅದರ ಮೇಲೆ ಕೂತು ದಾದಾನಿಗೆ ಧೈರ್ಯ ಹೇಳತೊಡಗಿದೆ. ಸೀಟು ಕಿರ್ ಅಂದಿತು. ನಾನು ಧೈರ್ಯ ಹೇಳಿದರೆ ಅದಕ್ಕೂ ಹೆದರಿಕೆ.

ಲಿಂಗಸುಗೂರಿನ ಮಾಸ್ತರು

"ದಾದಾ, ಲಿಂಗಸುಗೂರಿನ ಮಾಸ್ತರೊಬ್ಬರ ಬೈಕಿನ ಕಥಿ ಕೇಳ್ರಿ," ಎಂದೆ.

ಆ ಮಾಸ್ತರು ಮೈಲೇಜು ಬಿಟ್ಟು ಬೇರೆ ಮಾತಾಡಿದವರಲ್ಲ. ಅವರ ಎಂಜಿನ್ ಜೋಡಿಸಿದಾಗ ಎರಡು ವಾಷರ್ ಉಳಿದವು. "ಕಂಪನಿಯವ್ರು ಪಾಯಸಕ್ಕ ದ್ರಾಕ್ಷಿ ಹಾಕಿದಂಗ ನಾಕು ಜಾಸ್ತೀನ ಹಾಕಿರ್ತಾರ್ರೀ ಸರ," ಎಂದೆ. ಅವರು ಬೈಕು ಹತ್ತಿ ಹೋದರು. ಮುಂದಿನ ಸಂತೆಯ ದಿನ ಬೈಕು ಮತ್ತೆ ಬಂದು ನಿಂತಿತು. ನಾನು ಮೆಲ್ಲಗೆ ಹಿತ್ತಲ ಬಾಗಿಲ ಕಡೆ ಸರಿದೆ.

"ಓಡಬ್ಯಾಡ್ರಿ. ಶಾಬಾಸ್ ಹೇಳಾಕ ಬಂದೀನಿ, ಮೈಲೇಜ್ ಹೆಚ್ಚಾಗೈತಿ," ಎಂದು ಮಾಸ್ತರು ಸ್ಟ್ಯಾಂಡ್ ಹಾಕಿದರು. "ತೂಕ ಕಡಿಮಿ ಆತಲ್ಲ. ಇನ್ನೂ ಏನರ ತೆಗ್ಯಾಕ ಬರ್ತೈತೇನು ನೋಡ್ರಿ."

ದಾದಾ ನಗಲಿಲ್ಲ. "ಅದು ಡಾಂಬರ್ ಮ್ಯಾಲ ಓಡೂ ಬೈಕು. ನಂದು ಕೆಸರಾಗ ಇಳಿಯೂ ಗಾಡಿ. ನಡುಗದ್ದ್ಯಾಗ ನಿಂತ್ರ ನಿಮ್ಮ ಮಾಸ್ತರ್ ಬಂದು ಎಳೀತಾರೇನು?"

ಮಸ್ಕಿಯ ಮದುಮಗ

ಇನ್ನೊಂದು ಹೇಳಿದೆ. ಮಸ್ಕಿಗೆ ಹೊರಟ ಮದುಮಗನ ಜೀಪು ನಮ್ಮ ಗ್ಯಾರೇಜಿನ ಮುಂದೆಯೇ ಕೆಟ್ಟಿತು. ಎಲ್ಲರೂ ಹೊಸ ಬಟ್ಟೆಯವರು, ಒಬ್ಬರ ಹೆಗಲ ಮೇಲೂ ವಲ್ಲಿ ಇಲ್ಲ. ಪದ್ಧತಿ ಬಿಡುವಂತಿಲ್ಲ. ಮದುಮಗನ ಶಲ್ಯವನ್ನೇ ಹಾಸಿದೆವು. ಅವಸರದಲ್ಲಿ ಜೋಡಿಸಿಕೊಟ್ಟೆವು. ಊಟ ಸಿಗುತ್ತದೆಂದು ನಾನೂ ಜೀಪು ಹತ್ತಿದೆ. ಮಂಟಪದಲ್ಲಿ ಶಲ್ಯದ ಚುಂಗನ್ನು ಹುಡುಗಿಯ ಸೆರಗಿಗೆ ಗಂಟು ಹಾಕಲು ಎತ್ತಿದರೆ, ಅದರ ಮಡಿಕೆಯಿಂದ ಒಂದು ಬೋಲ್ಟು ಅಕ್ಷತೆಯ ತಟ್ಟೆಗೆ ಠಣ್ ಎಂದು ಬಿತ್ತು.

"ಇದೇನ್ರೀ ಬೀಗರ?" ಎಂದರು ಹುಡುಗಿಯ ಅಜ್ಜಿ.

ಮದುಮಗನ ತಾಯಿ ಕಣ್ಣು ಪಿಳುಕಿಸಲಿಲ್ಲ. "ನಮ್ಮ ಮನೀ ಪದ್ಧತಿರೀ ಯವ್ವಾ. ಸಂಸಾರ ಬಿಗಿ ಇರ್ಲಿ ಅಂತ."

ಮೊನ್ನೆ ಆ ಅಜ್ಜಿ ನನ್ನ ಗ್ಯಾರೇಜಿಗೇ ಬಂದಿದ್ದರು. "ಸಣ್ಣ ಮೊಮ್ಮಗಳ ಮದುವಿ ಐತೆಪಾ, ಒಂದು ಬೋಲ್ಟ್ ಕೊಡು. ಹೊಸಾದು ಬ್ಯಾಡ. ಎಂಜಿನ್ದಾಗ ಉಳಿದದ್ದ ಆಗಬೇಕು. ದೊಡ್ಡಾಕಿದು ಚಲೋ ನಡದೈತಿ."

ದಾದಾ ಈಗ ನಕ್ಕರು. ನಾನೂ ತೊಡೆ ತಟ್ಟಿ ನಕ್ಕೆ. ಸೀಟು ಒಂದು ಮಗ್ಗುಲಿಗೆ ವಾಲಿತು.

ಜಾಗ ಸಿಕ್ಕಿತು

ಹೊರಗಡೆ ಎಲ್ಲೂ ಜಾಗ ಸಿಗದೆ ಮೈದುನ ಎಣ್ಣೆಯನ್ನು ಬಕೀಟಿಗೆ ಇಳಿಸಿ, ಎಂಜಿನ್ನಿನ ತಳದ ಚೇಂಬರನ್ನೇ ಬಿಚ್ಚಿದ. ಅಲ್ಲಿಯೂ ಎಲ್ಲ ಬೋಲ್ಟುಗಳೂ ಇದ್ದವು. ಆದರೆ ಎಣ್ಣೆ ಹೀರುವ ಜಾಲರಿಯ ಬಾಯಿಯಲ್ಲಿ ಕೈ ಒರೆಸುವ ಬಟ್ಟೆಯೊಂದು ಮುದ್ದೆಯಾಗಿ ಕೂತಿತ್ತು.

"ಇದನ್ನ ನಾ ಮುಂಜಾನಿಂದ ಹುಡುಕಾಕತ್ತೀನಿ," ಎಂದ ಮೈದುನ, ಕಳೆದ ಕರು ಸಿಕ್ಕಂತೆ.

ಆ ಬಟ್ಟೆ ಒಳಗೇ ಇದ್ದಿದ್ದರೆ ಎಂಜಿನ್ ಎಣ್ಣೆ ಸಿಗದೆ ನಡುಗದ್ದೆಯಲ್ಲಿ ಹಿಡಿದುಕೊಂಡು ನಿಂತುಬಿಡುತ್ತಿತ್ತು. ದಾದಾನ ನಾಟಿ ಅಲ್ಲಿಗೆ ಮುಗಿಯುತ್ತಿತ್ತು. ದಾದಾ ಆ ಬೋಲ್ಟನ್ನು ತೆಗೆದು ಕಣ್ಣಿಗೊತ್ತಿಕೊಂಡರು. "ಯಾವ ಗಾಡೀದರ ಇರ್ಲಿ, ಇದು ನಮ್ಮ ಮನೀದೇವ್ರು."

ಚೇಂಬರು ಜೋಡಿಸಿ ಹೊಸ ಎಣ್ಣೆ ತುಂಬಿದೆವು; ಹೊತ್ತು ಮುಳುಗುವಾಗ ಟ್ರಾಕ್ಟರು ಒಂದೇ ಸಲಕ್ಕೆ ಚಾಲೂ ಆಯಿತು. ನಾನು ನಿರಾಳವಾಗಿ ನನ್ನ ಸೀಟಿನ ಮೇಲೆ ಒರಗಿದೆ. ಸೀಟು ಒಂದು ಕಡೆ, ಕಾಲು ಒಂದು ಕಡೆ, ನಾನು ಎಣ್ಣೆಯ ಬಕೀಟಿನಲ್ಲಿ.

ದಾದಾ ಮೊದಲು ನನ್ನನ್ನು ಎತ್ತಲಿಲ್ಲ. ಸೀಟಿನ ಖಾಲಿ ತೂತಿಗೆ ಆ ಬೋಲ್ಟು ಹಚ್ಚಿ ತಿರುವಿದರು. ಸಲೀಸಾಗಿ ಕೂತಿತು. ಆಮೇಲೆ ಹೆಗಲಿನ ವಲ್ಲಿಯಿಂದಲೇ ನನ್ನ ಬೆನ್ನು ಒರೆಸಿದರು.

ನಾಟಿ ಸಮಯಕ್ಕೆ ಆಯಿತು. ಸುಗ್ಗಿ ಮುಗಿದ ಮೇಲೆ ದಾದಾನ ಮನೆಯಿಂದ ಹೊಸ ಅಕ್ಕಿಯ ಚೀಲ ಬಂತು, ಈಗಲೂ ಬರುತ್ತದೆ. ಆ ಅನ್ನ ಉಣ್ಣುವಾಗ ಬೋಲ್ಟಿಗೂ ದಾದಾನಿಗೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ತೊಂದರೆ ಒಂದೇ. ಕ್ಯಾಂಪಿನಿಂದ ಟ್ರಾಕ್ಟರು ತಂದವರು ಈಗ ರಿಪೇರಿ ಮುಗಿದು ವಲ್ಲಿ ಖಾಲಿಯಾದರೂ ಗಾಡಿ ಒಯ್ಯುವುದಿಲ್ಲ. ಚಹಾ ತರಿಸಿಕೊಂಡು ನನ್ನ ಸೀಟಿನ ಎದುರಿಗೇ ಕೂರುತ್ತಾರೆ.

"ಅವಸರ ಇಲ್ರೀ ಉಸ್ತಾದ್. ನೀವು ಬಿದ್ದ ಮ್ಯಾಲ ಹೋಗ್ತೀವಿ."