ಅಪ್ಪನ ಹೋಟೆಲಿನಲ್ಲಿ ನಾನು ನರದ ಡಾಕ್ಟರ್

ಮನೋವೈದ್ಯೆಯಾದವಳು ನಗುವನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಟೋಕನ್ ತೆಗೆದುಕೊಂಡು ಅದೇ ಬಂದು ಕೂರುತ್ತದೆ.

೧. ಎರಡು ಬೋರ್ಡು

ಅಪ್ಪನದು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಉಡುಪಿ ಹೋಟೆಲು. ನಾನು ಸೈಕಿಯಾಟ್ರಿ ಆರಿಸಿದಾಗ, "ಎಂತ ಮಾರಾಯ್ತಿ, ಹೃದಯ ಉಂಟು, ಕಣ್ಣು ಉಂಟು, ಮೂಳೆ ಉಂಟು. ಹೋಗಿ ಹೋಗಿ ಕಾಣದ್ದನ್ನೇ ಹಿಡಿದೆಯಲ್ಲ" ಎಂದರು. ಗಿರಾಕಿಗಳಿಗೆಲ್ಲ "ಮಗಳು ನರದ ಡಾಕ್ಟರ್" ಎಂದೇ ಹೇಳುತ್ತ ಬಂದರು. ನನಗೆ ಬೇಸರವಾಗುತ್ತಿತ್ತು. ಹೋಟೆಲಿನ ಮೇಲಿನ ಖಾಲಿ ಕೋಣೆಯಲ್ಲಿ ಕ್ಲಿನಿಕ್ ಇಡುತ್ತೇನೆಂದರೂ ಒಪ್ಪಲಿಲ್ಲ.

"ಮೇಲೆ ನಿನ್ನ ಬೋರ್ಡು, ಕೆಳಗೆ ನನ್ನದು. ಜನ ನಮ್ಮ ಸಾಂಬಾರಿನ ಮೇಲೆ ಸಂಶಯ ಪಡುತ್ತಾರೆ."

೨. ಕಾರ್ಖಾನೆಯಲ್ಲಿ

ನವಿ ಮುಂಬಯಿಯ ಒಂದು ಕಾರ್ಖಾನೆಗೆ ತಿಂಗಳಿಗೊಮ್ಮೆ ಹೋಗುತ್ತೇನೆ. ಮೊದಲ ಸಲ ಕಾರ್ಮಿಕರನ್ನೆಲ್ಲ ಕೂರಿಸಿ, ಯಾರಿಗೆ ಟೆನ್ಶನ್ ಇದೆ, ಕೈ ಎತ್ತಿ ಎಂದೆ. ಒಂದು ಕೈಯೂ ಏಳಲಿಲ್ಲ. ಕಲಬುರಗಿಯ ಲೋಡರ್ ಒಬ್ಬ ಆಮೇಲೆ ಹತ್ತಿರ ಬಂದು, "ಸೂಪರ್‌ವೈಸರ್ ಅಲ್ಲೇ ನಿಂತಿದ್ದರಲ್ರೀ ಮೇಡಂ, ಹ್ಯಾಂಗ ಎತ್ತಬೇಕು?" ಎಂದ.

ಎಲ್ಲರೂ ಹೋದ ಮೇಲೆ ಸೂಪರ್‌ವೈಸರ್ ಬಾಗಿಲು ಹಾಕಿಕೊಂಡು ಕೂತರು. "ಇವರಲ್ಲಿ ಯಾರಿಗೂ ಟೆನ್ಶನ್ ಇಲ್ಲ ಮೇಡಂ. ಅದೇ ನನ್ನ ಟೆನ್ಶನ್."

೩. ದೂರದ ಡಾಕ್ಟರ್

ಕೊನೆಗೆ ಖಾರಘರದಲ್ಲಿ ಕ್ಲಿನಿಕ್ ಇಟ್ಟೆ. ಅಲ್ಲಿಗೆ ಖಾರಘರದವರು ಬರುವುದು ಕಡಿಮೆ. ಗುರುತಿನವರು ನೋಡಬಾರದೆಂದು ಅವರು ಥಾಣೆಯ ಡಾಕ್ಟರರ ಹತ್ತಿರ ಹೋಗುತ್ತಾರೆ, ಡೊಂಬಿವಲಿಯವರು ನನ್ನಲ್ಲಿಗೆ ಬರುತ್ತಾರೆ. ಒಮ್ಮೆ ಡೊಂಬಿವಲಿಯ ಒಂದೇ ಬಿಲ್ಡಿಂಗಿನ ಇಬ್ಬರು ನನ್ನ ಬೆಂಚಿನ ಮೇಲೆ ಎದುರಾದರು. ಒಬ್ಬರು ಕಣ್ಣು ತೋರಿಸಲು ಬಂದೆ ಎಂದರು, ಇನ್ನೊಬ್ಬರು ಹಲ್ಲಿಗೆ ಎಂದರು. ಇಬ್ಬರೂ ಎದ್ದು ಹೋಗಲಿಲ್ಲ. ಈಗ ಗುರುವಾರ ಗುರುವಾರ ಜೊತೆಗೇ ಬರುತ್ತಾರೆ, ಕಣ್ಣು ಹಲ್ಲು ತೋರಿಸಲು.

೪. ಹತ್ತನೇ ಟೋಕನ್

ಡೊಂಬಿವಲಿಯ ಪಕ್ಕದ ಕಲ್ಯಾಣದಲ್ಲಿ ಮನೋವೈದ್ಯೆಯಾಗಿರುವ ಸ್ನೇಹಿತೆ ರಜೆ ಹಾಕಿದಳು. ಅವಳ ಕ್ಲಿನಿಕ್‌ನಲ್ಲಿ ಒಂದು ದಿನ ನಾನು ಕೂತೆ. ಹತ್ತನೇ ನಂಬರು ಕರೆದಾಗ ಬಾಗಿಲು ತಳ್ಳಿಕೊಂಡು ಬಂದವರು ಅಪ್ಪ. ಹೋಟೆಲನ್ನು ಅಣ್ಣನ ಕೈಗೆ ಕೊಟ್ಟಂದಿನಿಂದ ನಿದ್ದೆ ಇಲ್ಲವಂತೆ. ನನಗೆ ತಿಳಿಯಬಾರದೆಂದು ಕಲ್ಯಾಣಕ್ಕೆ ಬಂದಿದ್ದರು.

ಮನೆಯವರಿಗೆ ನಾನು ಮದ್ದು ಬರೆಯುವುದಿಲ್ಲ, ಸೋಮವಾರ ಸ್ನೇಹಿತೆ ಬರುತ್ತಾಳೆ ಎಂದೆ. ಆದರೂ ಅರ್ಧ ಗಂಟೆ ಮಾತಾಡಿದರು, ನಾನು ಕೇಳಿದೆ. ಏಳುವಾಗ, "ನೀನು ಇದೇ ಕೆಲಸವಾ ದಿನಾ ಮಾಡುವುದು? ಒಳ್ಳೆದುಂಟು" ಎಂದರು.

ಹೊರಗೆ ಹನ್ನೊಂದನೆಯವರು ಹೆದರಿಕೊಂಡು ಕೂತಿದ್ದರು. ಅಪ್ಪ ಅವರ ಭುಜ ತಟ್ಟಿ, "ಹೆದರಬೇಡಿ, ಒಳಗಿರುವ ಮನಸ್ಸಿನ ಡಾಕ್ಟರ್ ನನ್ನ ಮಗಳು" ಎಂದದ್ದು ತೆರೆದ ಬಾಗಿಲಿನಿಂದ ಒಳಗೆ ನನಗೂ ಕೇಳಿಸಿತು. ಹೊರಬಾಗಿಲವರೆಗೆ ಹೋದವರು ಏನೋ ಹೊಳೆದು ಅವರ ಹತ್ತಿರ ತಿರುಗಿ ಬಂದರು.

"ನಾನು ಅವಳಿಗೆ ತಿಂಡಿ ಕೊಡಲು ಬಂದದ್ದು, ಆಯ್ತಾ?"

ಕೈಯಲ್ಲಿ ತಿಂಡಿಯ ಡಬ್ಬಿ ಇರಲಿಲ್ಲ. ಹತ್ತನೇ ನಂಬರಿನ ಟೋಕನ್ ಇತ್ತು.