ದುಂಡು ಮೇಜಿನ ಯಜಮಾನಿಕೆ

ಸಭೆಯಲ್ಲಿ ನಾನು ಬಾಯಿ ತೆರೆದರೆ ಸಾಕು, ಎಲ್ಲಿದ್ದರೂ ಒಂದು ಫಜೀತಿ ಹುಡುಕಿಕೊಂಡು ಬರುತ್ತದೆ. ನಿಜಾಮರ ಕಾಲದಲ್ಲಿ ನಾನು ಶುಮಾರಿ, ಅಂದರೆ ಎಣಿಕೆಯ, ಕಚೇರಿಯ ನೌಕರ. ಜನ, ದನ, ಮಗ್ಗ, ಬಾವಿ, ಹೀಗೆ ಎಣಿಸಲಿಕ್ಕೆ ಬರುವುದನ್ನೆಲ್ಲ ಎಣಿಸಿ ಹೈದರಾಬಾದಿಗೆ ಬರೆದು ಕಳಿಸುವುದು ನಮ್ಮ ಕೆಲಸ. ವರ್ಷಕ್ಕೊಮ್ಮೆ ಎಣಿಸುವವರೆಲ್ಲ ಒಂದು ಊರಲ್ಲಿ ಕೂಡುತ್ತಿದ್ದೆವು. ಎಂಟು ಹತ್ತು ಜನ ಒಂದು ಮೇಜಿನ ಸುತ್ತ ಕುಳಿತು ಒಂದು ವಿಷಯ ಚರ್ಚೆ ಮಾಡಬೇಕು, ಅದನ್ನು ಒಬ್ಬ ನಡೆಸಬೇಕು. ನನಗೆ ಕನ್ನಡ, ತೆಲುಗು, ಉರ್ದು ಮೂರೂ ಬರುತ್ತವೆಂದು ಆ ಕೆಲಸ ನನ್ನ ತಲೆಗೇ ಕಟ್ಟಿದ್ದರು. ಮೂರು ಭಾಷೆಯಲ್ಲೂ ನಾನು ತಪ್ಪು ಮಾತಾಡಬಲ್ಲೆನೆಂದು ಅವರಿಗೆ ಆಗಿನ್ನೂ ಗೊತ್ತಿರಲಿಲ್ಲ.

೧. ಗೋಲ್ ಮೇಜ್

ನನ್ನ ಮೊದಲ ಸಭೆ ನಾರಾಯಣಪೇಟೆಯಲ್ಲಿ. ಹೈದರಾಬಾದಿನಿಂದ ಉರ್ದುವಿನಲ್ಲಿ ಹುಕುಂ ಬಂತು: 'ಗೋಲ್ ಮೇಜ್' ಚರ್ಚೆ ಏರ್ಪಡಿಸಬೇಕು. ಗೋಲ್ ಮೇಜ್ ಅಂದರೆ ದುಂಡು ಮೇಜು. ಇಡೀ ಪೇಟೆ ಸುತ್ತಿದೆ. ಇದ್ದ ಮೇಜುಗಳೆಲ್ಲ ಚೌಕ. ಕಡೆಗೆ ಒಬ್ಬ ಬಡಿಗನ ಹತ್ತಿರ ಹೋದೆ.

"ಪೂರಾ ದುಂಡಗ ಇರಬೇಕೇನ್ರಿ?" ಅಂದ.

"ಪೂರಾ ದುಂಡಗ. ಸುತ್ತ ಹತ್ತು ಮಂದಿ ಕುಂದ್ರಬೇಕು."

ಅವನು ಬಂಡಿ ಗಾಲಿ ಮಾಡುವುದರಲ್ಲಿ ಹೆಸರಾದವನು ಎಂಬುದನ್ನು ನಾನು ವಿಚಾರಿಸಿರಲಿಲ್ಲ. ಸಭೆಯ ದಿನ ಮುಂಜಾನೆ ತಂದು ಇಳಿಸಿದ. ಆಳೆತ್ತರದ ಬಂಡಿ ಗಾಲಿಯೊಂದನ್ನು ಮಲಗಿಸಿ ಕೆಳಗೆ ನಾಲ್ಕು ಕಾಲು ಬಡಿದಿದ್ದ. ಬೇರೆ ದಾರಿ ಕಾಣದೆ ಮೇಲೊಂದು ಜಮಖಾನೆ ಹಾಸಿದೆ. ಹೈದರಾಬಾದಿನ ದೊಡ್ಡ ಸಾಹೇಬರು ಬಂದು ಕುಳಿತು ಚಹಾದ ಬಟ್ಟಲು ಅದರ ಮೇಲಿಟ್ಟರು. ಇಟ್ಟ ಜಾಗದ ಕೆಳಗೆ ಕಟ್ಟಿಗೆ ಇರಲಿಲ್ಲ. ಬಟ್ಟಲು ಜಮಖಾನೆಯೊಂದಿಗೆ ತಗ್ಗಿ ಸಾಹೇಬರ ಶೇರವಾನಿಯ ಕಡೆಗೆ ವಾಲಿತು.

"ಗೋಲ್ ಮೇಜ್ ಅಂದರೆ ಜನ ಸುತ್ತ ಕೂರುವುದು. ಮೇಜು ಹ್ಯಾಗಿದ್ದರೂ ನಡೆಯುತ್ತದೆ!" ಎಂದು ಅವರು ಚಹಾ ಒರೆಸಿಕೊಳ್ಳುತ್ತ ಗುಡುಗಿದರು.

ನಾನು ಹೊರಗೆ ಬಂದು ತಲೆಯ ಮೇಲೆ ಕೈಹೊತ್ತು ಕುಳಿತೆ. ಬಡಿಗ ನನ್ನ ಹೆಗಲ ಮೇಲೆ ಕೈಯಿಟ್ಟು, "ಹೆದರಬ್ಯಾಡ್ರಿ ಸಾಹೇಬ್ರ, ಇಂಥದ್ದ ಇನ್ನೊಂದು ಮಾಡಿಕೊಡ್ತೀನಿ. ಎರಡೂ ಕೂಡಿ ಒಂದು ಬಂಡಿಯರ ಆಗ್ತೈತಿ" ಅಂದ.

೨. ಎಣಿಸಬಾರದ್ದು

ಮಕ್ತಲ್‌ನಲ್ಲಿ ನನ್ನ ಮೇಜಿನ ವಿಷಯ ಕುರಿಗಳ ಎಣಿಕೆ. ಕುರಿ ಸಾಕುವವರು ಸರಿಯಾದ ಲೆಕ್ಕ ಕೊಡುವುದಿಲ್ಲವೆಂದು ಎಲ್ಲರದೂ ದೂರು. ನಾನು ಜಾಣತನ ಮಾಡಿ ಒಬ್ಬ ಮುದುಕ ಕುರುಬರನ್ನೇ ಕರೆತಂದು ಕೂರಿಸಿದೆ. ಹೆಗಲ ಮೇಲೆ ಕಂಬಳಿ, ಹಣೆಯ ತುಂಬ ಭಂಡಾರ.

"ಅಜ್ಜಾರ, ನಿಮ್ಮವು ಎಷ್ಟು ಕುರಿ?" ಅಂದೆ.

"ಎಣಿಸಬಾರದ್ರಿ. ಬೀರಪ್ಪ ದೇವ್ರು ಕೊಟ್ಟದ್ದು."

"ಎಣಿಸದಿದ್ರ ಒಂದು ಕಳದ್ರ ಹೆಂಗ ಗೊತ್ತಾಗತೈತಿ?"

ಮುದುಕರು ನನ್ನನ್ನು ಕನಿಕರದಿಂದ ನೋಡಿದರು. "ನೀವು ಮಕ್ಕಳನ್ನ ಊಟಕ್ಕ ಕುಂದ್ರಿಸಿದಾಗ ಎಣಿಸ್ತೀರೇನ್ರಿ? ಮಾರಿ ನೋಡಿದ್ರ ತಿಳೀತೈತಿ. ನಿಮಗೆಷ್ಟು ಮಕ್ಕಳು?"

"ನಾಲ್ಕು" ಅಂದೆ, ಸರ್ಕಾರಿ ದನಿಯಲ್ಲಿ.

ಪಕ್ಕದಲ್ಲಿದ್ದ ನಮ್ಮ ಕಚೇರಿಯ ಗುಮಾಸ್ತ ಕೆಮ್ಮಿದ. "ಐದ್ರಿ ಸಾಹೇಬ್ರ. ಹೋದ ತಿಂಗಳ ಹೆಸರಿಟ್ರಲ್ಲ, ನಾನ ಹೋಳಿಗಿ ಉಂಡು ಬಂದೀನಿ."

ಮೇಜಿನ ಸುತ್ತ ಎಲ್ಲರೂ ಕಾಗದದಲ್ಲಿ ಮುಖ ಮುಚ್ಚಿಕೊಂಡರು. ಮುದುಕರೊಬ್ಬರೇ ನಗಲಿಲ್ಲ. ಕಂಬಳಿ ಸರಿಮಾಡಿಕೊಂಡು ಎದ್ದರು.

"ಅದಕ್ಕರೀ, ಎಣಿಸಬಾರದು ಅನ್ನೋದು. ಎಣಿಸಿದ್ರ ಕಮ್ಮಿ ಆಗ್ತಾವ."

೩. ಸರಾಸರಿ

ವಡ್ಡೆಪಲ್ಲಿಯ ಕಡೆ ತೆಲುಗಿನದೇ ಜೋರು. ಅಲ್ಲಿ ನಾನು ತೆಲುಗಿನಲ್ಲೇ ಚರ್ಚೆ ನಡೆಸುತ್ತೇನೆಂದು ಹಟ ಹಿಡಿದೆ. ಒಂದು ತಾಸು ಮಳೆ, ಬೆಳೆ ಎಲ್ಲ ಮುಗಿಯಿತು. ಇನ್ನು ಬೆಳೆಯ ಸರಾಸರಿ ತೆಗೆಯುವ ವಿಷಯ. 'ಇನ್ನು ಸರಾಸರಿಗೆ ಹೋಗೋಣ' ಅನ್ನಬೇಕಿತ್ತು. 'ಸರಾಸರಿಕಿ ಪೋದಾಂ' ಅನ್ನುವಲ್ಲಿ ನನ್ನ ತೆಲುಗು ಒಂದು ಅಕ್ಷರ ನುಂಗಿ, "ಇಂಕ ಸರಾಸರಿ ಪೋದಾಂ" ಅಂದಿತು.

ಕುಳಿತಿದ್ದ ಒಂಬತ್ತೂ ಜನ ಎದ್ದರು. ವಲ್ಲಿ ಕೊಡವಿ ಹೆಗಲಿಗೆ ಹಾಕಿದರು, ಚಪ್ಪಲಿ ಮೆಟ್ಟಿದರು, ಹೊರಟೇಬಿಟ್ಟರು. ನಾನು ಬಾಗಿಲ ತನಕ ಓಡಿ, "ಎಲ್ಲಿಗ್ರೀ?" ಅಂತ ಕೂಗಿದೆ.

"ಮೀರೇ ಅನ್ನಾರು ಗದಾ!" ತಾವೇ ಅಂದಿರಲ್ಲ, ಅಂದರು.

ತೆಲುಗಿನಲ್ಲಿ ಸರಾಸರಿ ಅಂದರೆ 'ನೆಟ್ಟಗೆ' ಅಂತಲೂ ಅರ್ಥವಂತೆ. ಅವರು ನೆಟ್ಟಗೆ ಮನೆಗೆ ಹೋದರು. ನನ್ನ ನೌಕರಿಯುದ್ದಕ್ಕೂ ಒಂಬತ್ತು ಜನ ಒಂದೇ ಸಲ ನನ್ನ ಮಾತು ಕೇಳಿದ್ದು ಅವತ್ತೊಂದೇ ದಿನ.

೪. ಉಂಡವಳ್ಳಿಯವರು

ಗದ್ವಾಲಿನ ಸಭೆ ಒಂದು ಧರ್ಮಶಾಲೆಯಲ್ಲಿ ನಡೆಯಿತು. ಐದು ಮೇಜು, ಐದು ವಿಷಯ. ಬಂದವರು ತಮಗೆ ಬೇಕಾದ ಮೇಜಿಗೆ ಹೋಗಬಹುದು. ಉಳಿದ ನಾಲ್ಕು ಅಂಗಳದಲ್ಲಿ, ನನ್ನದು ತಲಬಾಗಿಲ ಪಕ್ಕ. ನನ್ನ ವಿಷಯ 'ಮನೆಮಂದಿಯ ಬಾಯಿಂದ ನಿಜ ಹೊರಡಿಸುವುದು ಹೇಗೆ'. ಒಬ್ಬ ನರಪಿಳ್ಳೆಯೂ ಬರಲಿಲ್ಲ. ದೊಡ್ಡ ಸಾಹೇಬರು ಮೇಜಿಂದ ಮೇಜಿಗೆ ನೋಡುತ್ತ ಬರುತ್ತಿದ್ದರು. ಆ ವರ್ಷ ನನ್ನ ಬಡ್ತಿ ಅವರ ಕೈಯಲ್ಲಿತ್ತು. ಒಂದು ಕುರ್ಚಿಯ ಮೇಲೆ ನನ್ನ ಕೋಟು, ಇನ್ನೊಂದರ ಮೇಲೆ ಟೋಪಿ, ಮತ್ತೊಂದರ ಮೇಲೆ ಚೀಲ ಇಟ್ಟು, ಜನ ಈಗಷ್ಟೇ ಎದ್ದು ಹೋದಂತೆ ಕಾಣಿಸಲು ನೋಡಿದೆ.

ಅಷ್ಟರಲ್ಲಿ ಬಾಗಿಲಲ್ಲಿ ನಾಲ್ವರು ನಿಂತರು. ದೊಡ್ಡ ರುಮಾಲಿನ ಹಿರಿಯರು, ಅವರ ತಮ್ಮ, ಒಬ್ಬ ನೆಂಟ, ಹೊಸ ಧೋತರ ಉಟ್ಟು ತಲೆ ತಗ್ಗಿಸಿದ ಒಬ್ಬ ಪ್ರಾಯದವ.

"ಉಂಡವಳ್ಳಿಯಿಂದ ಬಂದೀವ್ರಿ. ತಡ ಆತು, ಮಾಫ್ ಮಾಡ್ರಿ" ಅಂದರು ಹಿರಿಯರು.

ಉಂಡವಳ್ಳಿಯಿಂದ ಎಣಿಕೆಯವರು ಬರುವುದಿತ್ತು. ನನಗೆ ಹೋದ ಜೀವ ಬಂತು. ಕೋಟು, ಟೋಪಿ ಎತ್ತಿ ಕೂರಿಸಿದೆ. ಅವರ ಮನೆಯ ಲೆಕ್ಕವನ್ನೇ ತೆಗೆದು ಚರ್ಚೆ ಶುರುಮಾಡೋಣ ಅನ್ನಿಸಿತು. "ಮೊದಲ ನಿಮ್ಮನ್ನ ಕೇಳ್ತೀನಿ. ಇದ್ದದ್ದು ಇದ್ದಂಗ ಹೇಳಬೇಕು."

"ಕೇಳ್ರಿ. ಕೇಳೋದು ನಿಮ್ಮ ಹಕ್ಕು."

ಎಂಥ ಸಭ್ಯ ನೌಕರರು! ನಮೂನೆಯ ಕಾಗದ ಬಿಡಿಸಿದೆ. "ಮನ್ಯಾಗ ಎಷ್ಟು ಮಂದಿ?"

"ಹನ್ನೊಂದು. ಎಲ್ಲಾರೂ ಒಗ್ಗಟ್ಟಿನಾಗ ಅದೀವಿ."

"ಬಾವಿ?"

"ಹಿತ್ತಲದಾಗ ಐತ್ರಿ. ನೀರಿಗೆ ದೂರ ಹೋಗೋ ತ್ರಾಸಿಲ್ಲ."

ಕೇಳಿದ್ದಕ್ಕಿಂತ ಹೆಚ್ಚು ಹೇಳುವವರನ್ನು ನಾನು ಕಂಡದ್ದೇ ಮೊದಲು. ನಮೂನೆಯ ಮುಂದಿನ ಪ್ರಶ್ನೆ ಓದಿದೆ. "ಮನೆತನದಾಗ ಯಾರಿಗರ ಹುಚ್ಚು ಐತೇನು?"

ಅಣ್ಣ ತಮ್ಮ ಮುಖ ಮುಖ ನೋಡಿಕೊಂಡರು. ತಮ್ಮ ಬೇಡವೆಂದು ಕಣ್ಣು ಮಾಡಿದರು. ಹಿರಿಯರು ನಿಟ್ಟುಸಿರಿಟ್ಟು, "ಸುಳ್ಳು ಯಾಕ ಹೇಳಲ್ರಿ? ನಮ್ಮ ಕಾಕಾ ಒಬ್ಬಾತ ಹುಣ್ಣಿಮಿ ಬಂದ್ರ ಮಾಳಿಗಿ ಹತ್ತಿ ಹಾಡ್ತಿದ್ದ. ಈಗ ತೀರಿಕೊಂಡಾನ" ಅಂದರು.

"ಶಾಬ್ಬಾಸ್!" ಎಂದು ಮೇಜು ಗುದ್ದಿದೆ. "ನಿಜ ಅಂದ್ರ ಹಿಂಗ ಹೊರಡಬೇಕು!"

ಸರಿಯಾಗಿ ಆಗಲೇ ದೊಡ್ಡ ಸಾಹೇಬರು ಬಂದು, ತುಂಬಿದ ಮೇಜು ನೋಡಿ ತಲೆಯಾಡಿಸಿ ಹೋದರು. ನನ್ನ ಎದೆ ಉಬ್ಬಿತು. "ಇನ್ನ ನೀವೇನರ ಕೇಳೋದಿದ್ರ ಕೇಳ್ರಿ" ಅಂದೆ.

ಹಿರಿಯರು ರುಮಾಲು ನೆಟ್ಟಗೆ ಮಾಡಿಕೊಂಡರು. "ನಮ್ಮದೆಲ್ಲ ಹೇಳಿದ್ವಿ. ಇನ್ನ ಹುಡುಗಿನ್ನ ಕರೀರಿ."

"ಯಾವ ಹುಡುಗಿ?"

"ನಿಮ್ಮ ಮಗಳ್ರೀ! ವರ ಇಲ್ಲೇ ಕುಂತಾನ."

ನನ್ನ ಮಗಳಿಗೆ ಆಗ ಮೂರು ವರ್ಷ. ಅಷ್ಟರಲ್ಲಿ ಹಿಂದಿನ ಪಡಸಾಲೆಯಿಂದ ಒಬ್ಬ ನೇಕಾರರು ಏದುಸಿರು ಬಿಡುತ್ತ ಓಡಿಬಂದರು. "ಉಂಡವಳ್ಳಿಯವರು ನೀವ ಏನ್ರಿ? ಹುಡುಗಿನ್ನ ಕರಕೊಂಡು ಆಗಿಂದ ಹಿಂದ ಕಾಯಾಕ ಹತ್ತೀನಿ!"

ಹಿರಿಯರು ಎದ್ದು ನಿಂತರು. ಮುಖ ಕೆಂಪಾಗಿತ್ತು. "ಹಂಗಾದ್ರ ನೀ ಯಾರಪಾ? ನಮ್ಮ ಕಾಕಾನ ಸುದ್ದಿ ಯಾಕ ಬಿಡಿಸಿದಿ?"

ನಾನು ಕಾಗದ ಬೆನ್ನ ಹಿಂದೆ ಅಡಗಿಸಿದೆ. ನೇಕಾರರು ಬಿಡಲಿಲ್ಲ, ಓದಿಸಿಯೇ ತೀರಿದರು. ಹನ್ನೊಂದು ಮಂದಿಯಿಂದ ಹಿಡಿದು ಕಾಕಾನ ಹುಣ್ಣಿಮೆಯ ಹಾಡಿನ ತನಕ ಓದಿದೆ. ಒಂದು ಸಂಬಂಧ ಮುರಿದ ಪಾಪ ನನ್ನ ತಲೆಗೆ ಬಂತೆಂದು ಕಣ್ಣು ಮುಚ್ಚಿಕೊಂಡೆ.

"ಎಷ್ಟೋ ವರ ನೋಡೀನಿ" ಅಂದರು ನೇಕಾರರು, ಮೆಲ್ಲಗೆ. "ಮನೆತನದ ಹುಳುಕು ತಾವ ಬಾಯಿಬಿಟ್ಟು ಹೇಳಿದವರು ಇವರೊಬ್ಬರ. ಹುಡುಗಿಗೆ ಒಪ್ಪಿಗಿ ಆದ್ರ, ನನಗ ಈ ಮನೀನ ಬೇಕು."

ಹುಡುಗಿ ಬಂದಳು. ವರ ಅಂದು ಮೊದಲ ಸಲ ತಲೆ ಎತ್ತಿದ. ಹುಡುಗಿ ನಕ್ಕಳು. ನನ್ನ ಮೇಜಿನ ಮೇಲೇ ಬೆಲ್ಲ ಹಂಚಿದರು.

ಸಂಜೆ ಒಬ್ಬೊಬ್ಬ ಮೇಜಿನ ಯಜಮಾನನೂ ಎದ್ದು ತನ್ನ ಚರ್ಚೆಯ ಫಲ ಹೇಳಬೇಕು. ಮೊದಲ ನಾಲ್ವರೂ, ವಿಷಯ ಬಹಳ ದೊಡ್ಡದು, ಬರುವ ವರ್ಷ ಮತ್ತೆ ಕೂಡಬೇಕು ಅಂದರು. ನಾನು ಎದ್ದು, ಮುಚ್ಚಿಡಲು ಧೈರ್ಯ ಸಾಲದೆ, ನಡೆದದ್ದೆಲ್ಲ ಹೇಳಿಬಿಟ್ಟೆ.

ದೊಡ್ಡ ಸಾಹೇಬರು ಗುಮಾಸ್ತನ ಕಡೆ ತಿರುಗಿ, "ಬರೆದುಕೋ" ಅಂದರು. "ಐದು ಮೇಜಿನಲ್ಲಿ ಫೈಸಲಾ ಆದದ್ದು ಇದೊಂದೇ."