ಚಿಲುಮೆ ತಂಬಾಕಿನ ಏಕೀಕರಣ

1956ನೆಯ ಇಸವಿ ನವೆಂಬರ್ ಒಂದರ ಸೂರ್ಯೋದಯದಿಂದ ಜಾರಿಗೆ ಬರುವಂತೆ ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿ ಭಾಗದ ಸಮಸ್ತ ಚಿಲುಮೆ ತಂಬಾಕಿನ ವಯಸ್ಸು ಸೊನ್ನೆಯೆಂದು ತೀರ್ಮಾನವಾಯಿತು. ತೀರ್ಮಾನಿಸಿದ್ದು ಚಿಲುಮೆ ತಂಬಾಕು ಹೊದಿಕೆ ಏಕೀಕರಣ ಕಚೇರಿ. ಹೊಸ ರಾಜ್ಯಕ್ಕಿಂತ ಎರಡು ದಿನ ಮೊದಲೇ ಹುಟ್ಟಿ, ಕುರ್ಚಿ ಹಾಕಿಕೊಂಡು ರಾಜ್ಯದ ದಾರಿ ಕಾಯುತ್ತಿದ್ದ ಕಚೇರಿ ಅದೊಂದೇ.

ಬೆಟಗೇರಿಯ ನೇಕಾರ ತೋಟಪ್ಪನಿಗೆ ಇದಾವುದೂ ಗೊತ್ತಿರಲಿಲ್ಲ. ಅವನು ಆ ಮುಂಜಾನೆ ಮಗ್ಗದ ಕೆಳಗಿನ ಕುಣಿಗೆ ಇಳಿದು, ಒಂಬತ್ತು ವರ್ಷ ಅಲ್ಲಿಯೇ ಕುಳಿತಿದ್ದ ಗಡಿಗೆಯೊಂದನ್ನು ಮೆಲ್ಲಗೆ ಮೇಲೆತ್ತುತ್ತಿದ್ದ. ಕಟ್ಟೆಯ ಮೇಲೆ ಅವನ ಜೈಲಿನ ಗೆಳೆಯ, ಸೊರಟೂರಿನ ಲಕ್ಷ್ಮಪ್ಪ, ಚಿಲುಮೆಯನ್ನು ಧೋತರದ ಚುಂಗಿನಿಂದ ಒರೆಸುತ್ತ ಕುಳಿತಿದ್ದ. ಎಪ್ಪತ್ತೊಂದು ವಯಸ್ಸು, ಮೊಣಕಾಲು ಕೈಕೊಟ್ಟಿದ್ದವು. ಆದರೂ ಚಕ್ಕಡಿ ಹೂಡಿಸಿಕೊಂಡು ಬಂದಿದ್ದ.

ಇಬ್ಬರೂ ನಲವತ್ತೆರಡರಲ್ಲಿ ಹಿಂಡಲಗಿ ಜೈಲಿನಲ್ಲಿ ಒಂದೇ ಕಂಬಳಿ ಹೊದ್ದವರು. ಸ್ವಾತಂತ್ರ್ಯ ಬಂದ ದಿನ ಚಿಲುಮೆ ಹಚ್ಚೋಣವೆಂದು ತೋಟಪ್ಪ ಹೇಳಿದಾಗ ಲಕ್ಷ್ಮಪ್ಪ ಒಪ್ಪಿರಲಿಲ್ಲ. ಲಕ್ಷ್ಮೇಶ್ವರ ಒಬ್ಬ ಸಂಸ್ಥಾನಿಕನ ಕೈಯಲ್ಲಿ, ಶಿರಹಟ್ಟಿ ಇನ್ನೊಬ್ಬನ ಕೈಯಲ್ಲಿ, ತಾವು ಮುಂಬಯಿ ಕೈಯಲ್ಲಿ. ಕನ್ನಡದವರೆಲ್ಲ ಒಂದೇ ರಾಜ್ಯದವರಾದ ದಿನ ಸೇದೋಣ, ಅಲ್ಲಿಯವರೆಗೆ ಹಣ್ಣಾಗಲಿ ಎಂದಿದ್ದ. ಹಾಗಾಗಿ ಅಂದೇ ತೋಟಪ್ಪ ಹಮ್ಮಿಗಿಯ ಹೊಳೆದಂಡೆಯ ಎಲೆ ತರಿಸಿ, ಬೆಲ್ಲದ ನೀರು ಚಿಮುಕಿಸಿ, ಹಳೆಯ ಗಡಿಗೆಯಲ್ಲಿ ತುಂಬಿ, ಬಾಯಿಗೆ ಮಗ್ಗದಿಂದ ಆಗಷ್ಟೇ ಕೊಯ್ದ ಗಂಜಿಬಟ್ಟೆಯನ್ನು ಮೂರು ಮಡಿಕೆ ಮಾಡಿ ಕಟ್ಟಿದ್ದ. ಹೊಸ ಗಡಿಗೆ ಎಲೆಯ ರಸ ಕುಡಿದುಬಿಡುತ್ತದೆ, ಹಳೆಯದು ಕುಡಿಯುವುದಿಲ್ಲ. ಗಂಜಿಬಟ್ಟೆ ಗಾಳಿಯನ್ನು ಸೋಸಿ ಬಿಡುತ್ತದೆ. ನೂಲು ಹರಿಯದಂತೆ ಕಾಯುವ ಕುಣಿಯ ತಂಪು ತಂಬಾಕನ್ನೂ ಒಣಗಗೊಡುವುದಿಲ್ಲ. ಇದು ಬೆಟಗೇರಿಯ ಪದ್ಧತಿ.

ಅವನ ಹೆಂಡತಿ ಬನಶಂಕರೆವ್ವ ಅಮಾವಾಸ್ಯೆಗೊಮ್ಮೆ ಆ ಬಟ್ಟೆಗೆ ಮೂಗು ಹಚ್ಚಿ ವರದಿ ಕೊಡುತ್ತಿದ್ದಳು. ಮೊದಲ ವರ್ಷ ಹಸಿ ಎಂದಳು. ಐದನೆಯ ವರ್ಷ ಆಲೆಮನೆಯ ವಾಸನೆ ಎಂದಳು. ಒಂಬತ್ತನೆಯ ವರ್ಷ ವರದಿ ಮರೆತು ಮತ್ತೊಮ್ಮೆ ಮೂಗು ಹಚ್ಚಿದಳು.

ಗಂಟು ಬಿಚ್ಚಬೇಕು ಎನ್ನುವಷ್ಟರಲ್ಲಿ ಕಚೇರಿಯ ಜವಾನ ಇಸಾಕ ಡಂಗುರದೊಂದಿಗೆ ಬಂದು ಪ್ರಕಟಣೆ ಓದಿದ:

"ಗದಗಿನವರು ಗಡಿಗೆಯಲ್ಲೂ, ಲಕ್ಷ್ಮೇಶ್ವರದವರು ಮುತ್ತಲ ಎಲೆಯಲ್ಲೂ, ಶಿರಹಟ್ಟಿಯವರು ಗೋಣಿಯಲ್ಲೂ, ಮುಂಡರಗಿಯವರು ಬಿದಿರಬುಟ್ಟಿಯಲ್ಲೂ ತಂಬಾಕು ಇಡುತ್ತಿರುವುದರಿಂದ ಒಂದೇ ರಾಜ್ಯದಲ್ಲಿ ನಾಲ್ಕು ರುಚಿಗಳು ಉಂಟಾಗಿ ಐಕ್ಯಕ್ಕೆ ಧಕ್ಕೆ ಬಂದಿರುತ್ತದೆ. ಆದಕಾರಣ ಸಕಲ ತಂಬಾಕನ್ನು ಸರಕಾರಿ ತಗಡಿನ ಡಬ್ಬಿಗೆ ವರ್ಗಾಯಿಸಿ, ಹಣ್ಣಾಗುವವರೆಗೆ ಕಚೇರಿಯಲ್ಲಿ ಇಡತಕ್ಕದ್ದು. ಡಬ್ಬಿಯನ್ನು ಯಾರೂ ತೆರೆದಿಲ್ಲವೆಂದು ಖಾತ್ರಿಪಡಿಸಿಕೊಳ್ಳಲು ಪ್ರತಿ ಸೋಮವಾರ ಅದನ್ನು ತೆರೆಯಲಾಗುವುದು."

ಮೊದಲು ಒಂದು ಚಿಲುಮೆ ಸೇದಿಬಿಡೋಣ, ಇಸಾಕ ನಮ್ಮವನೇ, ಆ ಕಡೆ ಮುಖ ಮಾಡುತ್ತಾನೆ ಎಂದ ತೋಟಪ್ಪ. ಇಸಾಕ ಆಗಲೇ ಆ ಕಡೆ ಮುಖ ಮಾಡಿ ನಿಂತಿದ್ದ. ತಕರಾರು ತೆಗೆದವನು ಲಕ್ಷ್ಮಪ್ಪ.

"ಬ್ಯಾಡೋ ತೋಟಪ್ಪ. ಜೈಲಿಗೆ ಹೋಗಿ ತಂದ ರಾಜ್ಯ ಐತಿ ಇದು. ಅದರ ಮೊದಲನೇ ಹುಕುಮ ನಾವ ಮುರದರ ಹೆಂಗ?"

ಗಡಿಗೆ ಕಚೇರಿಗೆ ಹೋಯಿತು. ಲಕ್ಷ್ಮಪ್ಪ ಖಾಲಿ ಚಿಲುಮೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಚಕ್ಕಡಿ ಹತ್ತಿದ.

ಮರುದಿನ ತೋಟಪ್ಪ ಕಚೇರಿಗೆ ಹೋಗಿ, ತನ್ನ ತಂಬಾಕು ಆಗಲೇ ಹಣ್ಣಾಗಿದೆ, ಒಂಬತ್ತು ವರ್ಷದ್ದು ಎಂದು ಅರಿಕೆ ಮಾಡಿಕೊಂಡ. ಪರಿವೀಕ್ಷಕರು ಮೈಸೂರಿನವರು, ಬಹಳ ಸೌಜನ್ಯದವರು. ಕೂರಿಸಿ, ಚಹಾ ಕೊಡಿಸಿ, ಆ ಒಂಬತ್ತು ವರ್ಷ ಯಾವ ರಾಜ್ಯದಲ್ಲಿ ಕಳೆದವು ಎಂದು ಕೇಳಿದರು. ಮುಂಬಯಿ ರಾಜ್ಯದಲ್ಲಿ ಎಂದ ತೋಟಪ್ಪ. ಹಾಗಿದ್ದರೆ ಅವು ಮುಂಬಯಿಯ ಸ್ವತ್ತು, ನಮ್ಮಲ್ಲಿ ಎಲ್ಲದರ ವಯಸ್ಸೂ ನವೆಂಬರ್ ಒಂದರಿಂದ ಎಂದು ಅವರು ವಿವರಿಸಿದರು.

ತೋಟಪ್ಪ ಒಂಬತ್ತು ವರ್ಷಗಳನ್ನು ದಯಮಾಡಿ ಕಳುಹಿಸಿಕೊಡಬೇಕೆಂದು ಮುಂಬಯಿಗೆ ಅರ್ಜಿ ಬರೆಸಿದ. ಐದು ತಿಂಗಳಿಗೆ ಉತ್ತರ ಬಂತು: ಸದರಿ ವರ್ಷಗಳನ್ನು ಪ್ರದೇಶದ ಜೊತೆಯಲ್ಲಿಯೇ ಹಸ್ತಾಂತರಿಸಲಾಗಿದೆ. ಪರಿವೀಕ್ಷಕರು ಆವಕ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ತಿರುವಿ, ಮೇಜು ಕುರ್ಚಿ ಬಂದಿವೆ, ವರ್ಷಗಳು ಬಂದಿಲ್ಲ ಎಂದು ನಿಜವಾಗಿಯೂ ಬೇಸರಪಟ್ಟರು.

ಇತ್ತ ಡಬ್ಬಿಯೊಳಗೆ ತಂಬಾಕು ಬೆವರತೊಡಗಿತ್ತು. ತಗಡು ಉಸಿರಾಡುವುದಿಲ್ಲ. ಸೋಮವಾರ ಸೋಮವಾರ ಮುಚ್ಚಳ ತೆಗೆದಾಗ ಬೆಲ್ಲದ ಘಮವೆಲ್ಲ ಕಡತಗಳ ಮೇಲೆ ಹರಡಿ ಹೋಗುತ್ತಿತ್ತು, ಆ ಜಾಗಕ್ಕೆ ಬೆಸುಗೆಯ ವಾಸನೆ ಬಂದು ಕೂರುತ್ತಿತ್ತು. ವರ್ಷ ತುಂಬಿದಾಗ ತೋಟಪ್ಪ ಬನಶಂಕರೆವ್ವನನ್ನು ಕರೆದೊಯ್ದು ಮೂಗು ಹಚ್ಚಿಸಿದ.

"ಇದು ತಂಬಾಕ ಅಲ್ರಿ, ತಗಡ ಐತಿ," ಎಂದಳು ಅವಳು.

ಪರಿವೀಕ್ಷಕರು ಸಂತೋಷದಿಂದ ಅದನ್ನು ಬರೆದುಕೊಂಡರು. ಲಕ್ಷ್ಮೇಶ್ವರದ ಒಗರು, ಶಿರಹಟ್ಟಿಯ ನಾರು, ಮುಂಡರಗಿಯ ಹಸಿಬಿದಿರು ಎಲ್ಲವೂ ಹೋಗಿ ನಾಲ್ಕೂ ಕಡೆಯ ತಂಬಾಕಿಗೆ ತಗಡಿನ ರುಚಿ ಬಂದಿತ್ತು. ಏಕೀಕರಣ ಸಂಪೂರ್ಣವಾಯಿತೆಂದು ವರದಿ ಹೋಯಿತು. ಸೋಮವಾರದ ಆ ವಾಸನೆ ಜನಕ್ಕೂ ರೂಢಿಯಾಯಿತು. ಹಿರೇವಡ್ಡಟ್ಟಿಯ ಕಡೆ, ಸರಕಾರಿ ಡಬ್ಬಿ ಇನ್ನೂ ತಲುಪದ ಹಳ್ಳಿಯವರು ಅದೇ ರುಚಿಗೆಂದು ಚಿಲುಮೆಯೊಳಗೆ ಒಂದು ಮೊಳೆ ಹಾಕಿಕೊಂಡು ಸೇದತೊಡಗಿದರು.

ಅಷ್ಟರಲ್ಲಿ ಸೊರಟೂರಿನಿಂದ ಲಕ್ಷ್ಮಪ್ಪ ಹಾಸಿಗೆ ಹಿಡಿದ ಖಬರು ಬಂತು. ತೋಟಪ್ಪನಿಗೆ ವಯಸ್ಸು, ರುಚಿ ಯಾವ ವಾದವೂ ಬೇಡವೆನಿಸಿ ಕಚೇರಿಗೆ ಓಡಿದ.

"ಸಾಹೇಬ್ರ, ತಗಡಾದರೂ ಆಗ್ಲಿ. ಒಂದ ಚಿಲುಮಿಯಷ್ಟ ಕೊಡ್ರಿ. ಮುದುಕ ಉಳಿಯಂಗಿಲ್ಲ."

ಪರಿವೀಕ್ಷಕರಿಗೂ ಕಣ್ಣು ತುಂಬಿತು. ಮಾನವೀಯ ಆಧಾರದ ಮೇಲೆ ಕೊಡಲು ಅವಕಾಶವಿದೆಯೆಂದು ಹೇಳಿ, ತಾವೇ ನಮೂನೆ ತೆಗೆದು, ತಾವೇ ತುಂಬತೊಡಗಿದರು. ಹೆಸರು ಲಕ್ಷ್ಮಪ್ಪ. ಊರು ಸೊರಟೂರು. ವಯಸ್ಸಿನ ಕಡೆ ಬಂದಾಗ ಲೇಖನಿ ನಿಂತಿತು. ಎಪ್ಪತ್ತೆರಡು ಎಂದ ತೋಟಪ್ಪ. ಅವು ಎಲ್ಲಿ ಕಳೆದವು ಎಂದು ಕೇಳಿದರು ಪರಿವೀಕ್ಷಕರು.

ಅವರು 'ಒಂದು ವರ್ಷ' ಎಂದು ಬರೆದರು. ಬರೆದ ಮೇಲೆ ನಿಯಮ ಏಳನ್ನು ತೋರಿಸದೆ ಗತ್ಯಂತರವಿರಲಿಲ್ಲ: ಹದಿನಾರು ವರ್ಷದೊಳಗಿನ ಯಾರಿಗೂ ತಂಬಾಕು ಕೊಡತಕ್ಕದ್ದಲ್ಲ.

ತೋಟಪ್ಪ ಬಿಸಿಲಲ್ಲಿ ಸೊರಟೂರಿನವರೆಗೆ ನಡೆದ. ಹಾಸಿಗೆಯ ಪಕ್ಕದಲ್ಲಿ ಕುಳಿತು ಎಲ್ಲ ಹೇಳುವಾಗ ಅವನಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಅಂದೇ ಗಂಟು ಬಿಚ್ಚದೆ ಹೋದೆನಲ್ಲ ಎಂದು ಅತ್ತುಬಿಟ್ಟ. ಲಕ್ಷ್ಮಪ್ಪ ಬೆರಳು ಮಡಚುತ್ತ ನಿಧಾನವಾಗಿ ಲೆಕ್ಕ ಹಾಕಿದ.

"ಎಪ್ಪತ್ತೆರಡನೇ ಇಸವಿಗೆ ಹದಿನಾರ ತುಂಬತಾವ. ಆಗ್ಲಿ ಬಿಡೋ. ಈಗ ಸೇದಿದರ ನಮ್ಮಪ್ಪ ಬಡೀತಿದ್ದ."

ತಾನೂ ಅಷ್ಟೇ ವಯಸ್ಸಿನವನೆಂದು ತೋಟಪ್ಪನಿಗೆ ಆಗ ಹೊಳೆಯಿತು. ಅವನು ಕಣ್ಣೊರೆಸಿಕೊಂಡು ಹೌದೆಂದ. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಸೊಸೆ ಕರಿಯವ್ವ ಒಳಗೆ ಬಂದು, ಮಾವನ ತಲೆದಿಂಬಿನ ಪಕ್ಕದ ಚಿಲುಮೆಯನ್ನು ತೆಗೆದು, ಮಕ್ಕಳ ಕೈಗೆ ನಿಲುಕದಂತೆ ಮೇಲಿನ ಗೂಡಿನಲ್ಲಿ ಇಟ್ಟಳು. ಆಮೇಲೆ ಇಬ್ಬರಿಗೂ ಒಂದೊಂದು ಲೋಟ ಹಾಲು ತಂದುಕೊಟ್ಟಳು.